ಓಲೆ ಬಿಚ್ಚಿ ಕೇಳಿದ ಮೃದಂಗ

ಮೊದಲು ನನ್ನ ಕಿವಿಯ ವಿಷಯ ಹೇಳಿಬಿಡುತ್ತೇನೆ, ಜಂಬ ಅಂದುಕೊಂಡರೂ ಪರವಾಗಿಲ್ಲ. ಪಕ್ಕದ ಮನೆಯ ಒಗ್ಗರಣೆಗೆ ಬಿದ್ದದ್ದು ಸಾಸಿವೆಯೋ ಉದ್ದಿನಬೇಳೆಯೋ ಎಂದು ನಾನು ಸದ್ದಿನಲ್ಲೇ ಹೇಳುತ್ತಿದ್ದೆ. ಗಂಡ ಗೇಟು ತೆಗೆಯುವ ಸದ್ದಿನಲ್ಲೇ ಅವರು ಯಾವ ಮೂಡಿನಲ್ಲಿದ್ದಾರೆ ಎಂದು ತಿಳಿದು, ಅದಕ್ಕೆ ತಕ್ಕಂತೆ ಕಾಫಿಯನ್ನೋ ಮಾತನ್ನೋ ಮುಂದಿಡುತ್ತಿದ್ದೆ. ಇಂಥ ಕಿವಿಯನ್ನು ಯಾರೋ ‘ಹೆಂಗಸರ ಕಿವಿ’ ಎಂದು ತಳ್ಳಿಹಾಕಿದರೆ ಸುಮ್ಮನಿರಲು ಆಗುತ್ತದೆಯೇ? ನನಗಂತೂ ಆಗಲಿಲ್ಲ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ರೇಡಿಯೋಗೆ ಸ್ಪೀಕರ್ ತಯಾರಿಸುವ ಒಂದು ಶೆಡ್ಡಿನಲ್ಲಿ ನಾನು ಕೆಲಸಕ್ಕಿದ್ದೆ. ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಕಾಗದದ ಕೊಳವೆಗೆ ಸುತ್ತುವುದು ನಮ್ಮ ಕೆಲಸ. ಏಳು ಜನ ಹೆಂಗಸರು ಉದ್ದನೆಯ ಮೇಜಿನ ಮುಂದೆ ತಲೆ ಬಗ್ಗಿಸಿ ಕೂತರೆ ಊಟದ ಗಂಟೆಗೇ ತಲೆ ಎತ್ತುವುದು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಗಂಡ ಮಿಲ್ಲಿನಲ್ಲಿ ಶಿಫ್ಟು ಕೆಲಸ ಮಾಡುತ್ತಿದ್ದರು. ಅತ್ತೆ ಮಲ್ಲತ್ತಹಳ್ಳಿ ಕಡೆಯವರು. ಕೆರೆ ಪಕ್ಕದ ರಾಗಿ ಹೊಲವನ್ನು ಮೈದುನರಿಗೆ ಬಿಟ್ಟು ಮಗನ ಜೊತೆ ಬಾಡಿಗೆ ಮನೆಗೆ ಬಂದಿದ್ದರು. ಮಾವ ತೀರಿಹೋಗಿ ಬಹಳ ವರ್ಷವಾಗಿತ್ತು. ನಾನು ಕೆಲಸಕ್ಕೆ ಹೋಗುವುದಕ್ಕೆ ಅತ್ತೆ ಅಡ್ಡಿ ಮಾಡಿರಲಿಲ್ಲ. ಒಂದೇ ಷರತ್ತು ಹಾಕಿದ್ದರು.

“ಮುತ್ತೈದೆ ಹಂಗ್ ಹೋಗು, ಮುತ್ತೈದೆ ಹಂಗ್ ಬಾ. ಅಷ್ಟೇ ನಾನ್ ಕೇಳೋದು.”

ಅದಕ್ಕೇನು ಕಷ್ಟ? ಕುಂಕುಮ, ಹೂವು, ಕೈತುಂಬ ಬಳೆ, ತವರಿನವರು ಕೊಟ್ಟ ಏಳು ಕಲ್ಲಿನ ಓಲೆ, ಓಲೆಯ ಭಾರ ತಡೆಯಲು ಕಿವಿಯ ಮೇಲಿಂದ ಕೂದಲಿಗೆ ಸಿಕ್ಕಿಸುವ ಮಾಟಿ, ಎಲ್ಲವನ್ನೂ ಹೇರಿಕೊಂಡು ಹೋಗುತ್ತಿದ್ದೆ.

ಒಂದು ದಿನ ಯಜಮಾನರು ಒಂದು ಪೆಟ್ಟಿಗೆ ತಂದರು. ನಾವೆಲ್ಲ ಅವರನ್ನು ಸಾರ್ ಎನ್ನುತ್ತಿದ್ದೆವು. ಓದಿದ ಎಂಜಿನಿಯರು, ಸಂಗೀತದ ಹುಚ್ಚು ಬೇರೆ. ಪೆಟ್ಟಿಗೆಯಲ್ಲಿ ಜರ್ಮನಿಯ ಹೆಡ್‌ಫೋನ್ ಇತ್ತು. ಟೆಲಿಫೋನ್ ಎಕ್ಸ್‌ಚೇಂಜಿನವರು ಹಾಕಿಕೊಳ್ಳುವ ಕಡ್ಡಿಯಂಥದ್ದಲ್ಲ. ಎರಡು ದೊಡ್ಡ ಕಪ್ಪು ಬಟ್ಟಲು, ಅಂಚಿಗೆಲ್ಲ ಮೆತ್ತೆ, ಸುರುಳಿ ಸುರುಳಿ ವೈರು, ತಲೆಯ ಮೇಲಿಟ್ಟರೆ ಒಂದು ಸೇರು ಅಕ್ಕಿಯ ತೂಕ. ಬಟ್ಟಲಿನ ಹಿಂಭಾಗ ಪೂರ್ತಿ ಮುಚ್ಚಿತ್ತು. ಒಳಗಿನ ಸದ್ದು ಹೊರಗೆ ಹೋಗುವುದಿಲ್ಲ, ಹೊರಗಿನದು ಒಳಗೆ ಬರುವುದಿಲ್ಲ ಎಂದರು ಸಾರ್. ಇಂಥದ್ದನ್ನೇ ನಾವೂ ಮಾಡಬೇಕು, ಸಂಗೀತ ಬಲ್ಲವರು ಮೆಚ್ಚುವಂತೆ ಮಾಡಬೇಕು, ಪ್ಯಾಕ್ ಮಾಡುವ ಮುಂಚೆ ಪ್ರತಿಯೊಂದನ್ನೂ ಒಬ್ಬರು ಕೂತು ಕೇಳಿ ಒಪ್ಪಬೇಕು. ಆ ಕೇಳುವವರು ಯಾರು ಎಂಬುದು ಇನ್ನೂ ಗೊತ್ತಾಗಬೇಕಿತ್ತು.

ನನಗೆ ಆ ಕೇಳುವವರ ಕುರ್ಚಿ ಬೇಕಿತ್ತು.

ಸಾರ್ ಎಲ್ಲರಿಗೂ ಸರದಿಯ ಮೇಲೆ ಕೇಳಿಸಿದರು. ಕೊಳಲು, ಜೊತೆಗೆ ಮೃದಂಗ ಇದ್ದ ರೆಕಾರ್ಡು. ನನ್ನ ಸರದಿ ಬಂತು. ಹಾಕಿಕೊಂಡೆನೋ ಇಲ್ಲವೋ, ದಿನವಿಡೀ ಧಡ್ ಧಡ್ ಎನ್ನುವ ಪ್ರೆಸ್ ಮಿಷನ್ ಅರ್ಧಕ್ಕೆ ಇಳಿಯಿತು. ಆಮೇಲೆ ಕೊಳಲು ಬಂತು. ಅಯ್ಯೋ, ಅದನ್ನು ಹೇಗೆ ಹೇಳಲಿ! ಅಲ್ಲಿಯವರೆಗೆ ನಾನು ಕೇಳಿದ್ದೆಲ್ಲ ವಠಾರದ ರೇಡಿಯೋದ ಸಂಗೀತ, ಅದು ಗೋಡೆಯ ಆಚೆಯಿಂದ ಬರುವಂಥದ್ದು. ಇಲ್ಲಿ ಕೊಳಲಿನವರು ನನ್ನ ಹಣೆಯ ಮುಂದೆ ಕೂತಿದ್ದರು. ಊದುವ ಮುಂಚೆ ಎಳೆದುಕೊಂಡ ಉಸಿರು ಕೇಳಿಸಿತು. ತುಟಿ ಒದ್ದೆ ಮಾಡಿಕೊಂಡದ್ದು ಕೇಳಿಸಿತು. ತಂಬೂರಿಯ ನಾಲ್ಕು ತಂತಿಗಳನ್ನು ಬೇರೆ ಬೇರೆಯಾಗಿ ಎಣಿಸಬಹುದಿತ್ತು. ಬಲಗಡೆ ಹಿಂದೆ ಯಾರೋ ಕೆಮ್ಮಿದರು, ನಾನು ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ, ಕೆಮ್ಮಿದವರು ರೆಕಾರ್ಡಿನೊಳಗಿದ್ದರು. ಎಲ್ಲರೂ ನಕ್ಕರು. ನನಗೆ ಅಳುವೋ ನಗುವೋ ತಿಳಿಯದ ಸ್ಥಿತಿ.

“ಏನ್ ಕೇಳಿಸ್ತಮ್ಮ?” ಎಂದರು ಸಾರ್.

“ಎಲ್ಲಾ ಕೇಳಿಸ್ತು ಸಾರ್. ಮೃದಂಗ ಮಾತ್ರ ಸ್ವಲ್ಪ ಬಡವಾಗಿದೆ. ಬಲಗೈ ಇದೆ, ಎಡಗೈನೇ ಇಲ್ಲ.”

ಗಂಡಸರ ಕಡೆಯಿಂದ ಗೊಳ್ಳನೆ ನಗು. ಯಾಕೆಂದರೆ ಅವರೆಲ್ಲ ಹೊಗಳಿದ್ದೇ ಆ ಎಡಗೈಯನ್ನು. ಗುಂ ಗುಂ ಅಂತ ಹೊಟ್ಟೆಗೇ ಬಂತು ಸಾರ್ ಎಂದು ಪ್ರೆಸ್ಸಿನವನೂ ಹೇಳಿದ್ದ. ನಮ್ಮ ಮೇಸ್ತ್ರಿ ಕೆಲಸದಲ್ಲಿ ನಿಪುಣರು, ಬಾಯಿ ಮಾತ್ರ ಹಸಿ ಮೆಣಸಿನಕಾಯಿ. ಅವರು ಉಳಿದ ಆರು ಹೆಂಗಸರನ್ನೂ ಕರೆದು ಕೇಳಿಸಿದರು. ಎಲ್ಲರದ್ದೂ ಅದೇ ಉತ್ತರ. ಕೊಳಲು ಚೆನ್ನಾಗಿದೆ, ಗುಂ ಗುಂ ಎಂಬುದು ಇಲ್ಲ.

“ನೋಡಿದ್ರಾ ಸಾರ್? ಹೆಂಗಸರ ಕಿವಿಗೆ ದಪ್ಪ ಸದ್ದು ಹತ್ತಲ್ಲ. ದೇವರು ಹಂಗೇ ಮಾಡವ್ನೆ. ತಂತಿ ಸುತ್ಕೊಂಡಿರ್ಲಿ ಬಿಡಿ” ಎಂದರು ಮೇಸ್ತ್ರಿ.

ಏಳಕ್ಕೆ ಏಳು ಸಾಕ್ಷಿ. ಸಿಟ್ಟಿಗೆ ಆ ದಿನ ನಾನು ಸುತ್ತಿದ ಮೂರು ಕಾಯಿಲ್ ಕಿತ್ತುಹೋದವು.

ಮರುದಿನ ಊಟದ ಹೊತ್ತಿನಲ್ಲಿ ಗಂಡಸರೆಲ್ಲ ಬೀಡಿಗೆಂದು ಹೊರಗೆ ಹೋದಾಗ ನಾನು ಸಾರ್ ಹತ್ತಿರ ಹೋಗಿ, ಇನ್ನೊಂದು ಸಲ ಕೇಳುತ್ತೇನೆ ಎಂದೆ. ಅವರು ರೆಕಾರ್ಡಿನ ಮೇಲೆ ಸೂಜಿ ಇಟ್ಟುಕೊಟ್ಟರು. ಕೇಳಿದೆ. ಇಲ್ಲ, ಎಡಗೈ ಇಲ್ಲ. ರೋಷದಲ್ಲಿ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಕಿವಿಗೆ ಗಟ್ಟಿಯಾಗಿ ಒತ್ತಿ ಹಿಡಿದೆ.

ಗುಂ!

ಕೈ ಬಿಟ್ಟೆ, ಹೋಯಿತು. ಒತ್ತಿದೆ, ಬಂತು. ಬಿಟ್ಟೆ, ಹೋಯಿತು. ಎಡಗಡೆಯ ಬಟ್ಟಲಿನ ಅಂಚಿಗೆ ಬೆರಳು ಹಾಕಿ ತಡಕಿದರೆ ಓಲೆಯ ಕೆಳಗೆ ಸಂದು, ಮಾಟಿ ದಾಟುವ ಕಡೆ ಇನ್ನೊಂದು ಸಂದು. ತಿರುಪು ಸಡಿಲಿಸಿ ಎಡಗಡೆಯ ಓಲೆ, ಮಾಟಿ ಎರಡನ್ನೂ ತೆಗೆದೆ. ಕಿವಿ ಮೇಲಿನ ಕೂದಲನ್ನು ಹಿಂದಕ್ಕೆ ಎಳೆದು ಮತ್ತೆ ಹಾಕಿಕೊಂಡೆ. ಎಡಗಿವಿಯಲ್ಲಿ ತುಂಬಿದ ಮೃದಂಗ, ಬಲಗಿವಿಯಲ್ಲಿ ಅದೇ ಬಡಕಲು ಟಕ ಟಕ! ಒಂದೇ ತಲೆಯಲ್ಲಿ ಮೇಸ್ತ್ರಿಯೂ ನಾನೂ ಇಬ್ಬರೂ ಕೂತ ಹಾಗಿತ್ತು. ಬಲಗಡೆಯದನ್ನೂ ಕಿತ್ತು ಸೆರಗಿಗೆ ಕಟ್ಟಿದೆ. ಆಗ ನೋಡಿ! ಪಕ್ಕದ ಶೆಡ್ಡಿನ ಮಿಷನ್ ಸದ್ದು ಸತ್ತೇಹೋಯಿತು. ಎಡಗೈಯ ಪೆಟ್ಟು ಕಿವಿಯಲ್ಲಿ ನಿಲ್ಲದೆ ಗಂಟಲು ಇಳಿದು ಹೊಟ್ಟೆಗೆ ಹೋಗಿ ಕೂತಿತು. ಅಂಗೈ ಚರ್ಮದ ಮೇಲೆ ಉಜ್ಜುತ್ತ ಜಾರುವುದೂ ಕೇಳಿಸಿತು. ಕೊಳಲಿಗೆ ಕೂರಲು ನೆಲ ಸಿಕ್ಕಿತ್ತು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ.

“ಸಾರ್, ಓಲೆ! ಓಲೆ ಸಾರ್!” ಎಂದು ಕಿರುಚಿದೆನಂತೆ. ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ತಮಗೆ ಕೇಳುವುದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಹೊರಗಿದ್ದವರೆಲ್ಲ ಏನೋ ಅನಾಹುತವಾಯಿತೆಂದು ಓಡಿಬಂದರು.

ಸಾರ್ ಹಣೆ ಚಚ್ಚಿಕೊಂಡರು. “ಥೂ, ನಾನೊಬ್ಬ ಪೆದ್ದ. ಏಳು ಜನರ ಕಿವೀಲೂ ಓಲೆ, ಅದರ ಸಂದಿಂದ ಗಾಳಿ ಸೋರ್ತಾ ಇತ್ತು ಕಣಯ್ಯ ಮೇಸ್ತ್ರಿ! ಕುಕ್ಕರ್ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ರೆ ವಿಜಲ್ ಬರುತ್ತಾ? ಹಾಗೇ ಇದು.”

ಮೇಸ್ತ್ರಿ ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಎರಡು ವಾರದ ಮೇಲೆ, ನಾವು ಮಾಡಿದ್ದ ಮೊದಲ ಐದು ಹೆಡ್‌ಫೋನ್‌ಗಳನ್ನು ಸಾಲಾಗಿಟ್ಟು, ಒಂದರ ಬಟ್ಟಲಿನ ಸ್ಕ್ರೂಗಳನ್ನು ಗುಟ್ಟಾಗಿ ಸಡಿಲ ಬಿಟ್ಟು, ಯಾವುದು ಹೇಳು ಎಂದರು. ಮೂರನೆಯದು ಎಂದೆ. ಜೊತೆಗೆ, ನಾಲ್ಕನೆಯದಕ್ಕೆ ನೆಗಡಿಯಾಗಿದೆ, ಮೂಗಿನಲ್ಲಿ ಹಾಡುತ್ತಿದೆ ಎಂದೆ. ಬಿಚ್ಚಿ ನೋಡಿದರೆ ಅದರೊಳಗೆ ಹತ್ತಿ ತುಂಬುವುದನ್ನು ಮೇಸ್ತ್ರಿಯೇ ಮರೆತಿದ್ದರು. ಕುರ್ಚಿ ನನ್ನದಾಯಿತು.

ಆಮೇಲಿನ ಮೂರು ದಿನ ನಾನು ನಡೆಯಲಿಲ್ಲ, ತೇಲಿದೆ. ಬೆಳಿಗ್ಗೆ ಶೆಡ್ಡಿಗೆ ಬಂದ ಮೇಲೆ ಓಲೆ, ಮಾಟಿ ಬಿಚ್ಚಿ ಸೆರಗಿನ ತುದಿಗೆ ಕಟ್ಟುವುದು, ಸಂಜೆ ಹೊರಡುವ ಮುಂಚೆ ಹಾಕಿಕೊಳ್ಳುವುದು. ಮನೆಯಲ್ಲಿ ಈ ವಿಷಯ ಎತ್ತಲಿಲ್ಲ. ಎತ್ತುವ ಧೈರ್ಯವಿರಲಿಲ್ಲ ಎನ್ನುವುದೇ ಸರಿ. ನಾಲ್ಕನೆಯ ದಿನ ಸಾರ್ ಹೊಸ ಮೆತ್ತೆ ತಂದಿದ್ದರು. ನಮ್ಮ ಹೆಡ್‌ಫೋನಿನ ಎಡಗೈ ಜರ್ಮನಿಯದಕ್ಕೆ ಸರಿಸಮಾನವಾಗಿ ಕೇಳಿಸಿತು. ನಮ್ಮದು! ನಾವೇ ಸುತ್ತಿದ ತಂತಿ! ಆ ಸಂಭ್ರಮದಲ್ಲಿ ಕೊಳಲನ್ನು ಗುನುಗುತ್ತ ಬೀದಿಯುದ್ದಕ್ಕೂ ನಡೆದು ಮನೆಗೆ ಬಂದೆ.

ಅತ್ತೆ ಬಾಗಿಲಲ್ಲೇ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಿ ನೋಡಿದವರು ಮೊರ ಕೆಳಗಿಟ್ಟರು.

“ಏನೇ ಇದು? ಕಿವಿ ಯಾಕ್ ಬೋಳು?”

ಕೈ ಕಿವಿಗೆ ಹೋಯಿತು. ಸೆರಗಿನ ಗಂಟು ಹಾಗೇ ಇತ್ತು.

“ನಿನ್ ಗಂಡ ಗುಂಡ್‌ಕಲ್ಲಂಗ್ ಅವ್ನೆ. ಬೋಳ್ ಕಿವೀಲಿ ಬೀದಿ ತುಂಬಾ ನಡ್ಕೊಂಡ್ ಬಂದ್ಯಾ? ನಾಳಿಂದ ಆ ಕೆಲ್ಸ ಬ್ಯಾಡ. ಮುಗೀತು.”

ಗಂಡ ಬಂದ ಮೇಲೆ ಅವರ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ಇಂಥ ಹೊತ್ತಿನಲ್ಲಿ ಕ್ಯಾಲೆಂಡರ್ ಅವರಿಗೆ ಬಹಳ ಆಸಕ್ತಿಯ ವಸ್ತು. ನನಗೆ ಅಳು ಬಂತು, ಅದರ ಹಿಂದೆಯೇ ಕೋಪವೂ ಬಂತು. ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಅತ್ತೆಯ ಮುಂದೆ ಹೋಗಿ ಕೂತೆ.

“ಅತ್ತೆ, ಒಂದೇ ಒಂದ್ ಸಲ ಬಂದು ನೀವೇ ಕೇಳಿ. ಕೇಳಿದ್ಮೇಲೂ ಬೇಡ ಅಂದ್ರೆ ಅಲ್ಲಿಂದ್ಲೇ ನಿಮ್ ಜೊತೆ ವಾಪಸ್ ಬರ್ತೀನಿ. ಮತ್ತೆ ಅದರ ಮಾತೆತ್ತಲ್ಲ.”

“ಬತ್ತೀನಿ ನಡಿ. ನಿಮ್ ಯಜಮಾನ್ರಿಗೂ ನಾಲ್ಕ್ ಮಾತ್ ಹೇಳೋದೈತೆ.”

ತಲೆ ತುಂಬ ಸೆರಗು ಹೊದ್ದು ಅತ್ತೆ ಶೆಡ್ಡಿಗೆ ಬಂದಾಗ ಸಾರ್ ಎದ್ದು ನಿಂತು ಕುರ್ಚಿ ಕೊಟ್ಟರು. ನಾಲ್ಕು ಮಾತು ಹೇಳುವ ಮುಂಚೆ ಕೇಳಲಿ ಎಂದು ನಾನು ಅವಸರ ಮಾಡಿದೆ. ಹೆಡ್‌ಫೋನ್ ಹಾಕಲು ಸೆರಗು ಹಿಂದಕ್ಕೆ ಸರಿಸಿದೆ. ಎಂಟು ತಿಂಗಳು ಒಂದೇ ಒಲೆಯ ಮುಂದೆ ಕೂತವಳು ನಾನು, ಅವರ ಕಿವಿಯನ್ನು ಅಂದೇ ಮೊದಲು ನೋಡಿದ್ದು. ಬೆಂಡೋಲೆಯ ಭಾರಕ್ಕೆ ಜಗ್ಗಿದ ಹಾಲೆ, ಉದ್ದಕ್ಕೆ ಸೀಳಿದಂಥ ಖಾಲಿ ತೂತು. ಆಮೇಲೆ ಬಟ್ಟಲುಗಳನ್ನು ಮೆಲ್ಲಗೆ ಇಟ್ಟೆ. ಎಲ್ಲೂ ಒಂದು ಸಂದಿಲ್ಲದೆ ಕೂತವು.

ಸಾರ್ ಸೂಜಿ ಇಟ್ಟರು. ಅತ್ತೆಯ ಕಣ್ಣು ಅಗಲವಾಯಿತು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮೃದಂಗ ಶುರುವಾಗಿರಬೇಕು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು.

“ಹೊಟ್ಟೆ ಒಳಗ್ ಬಾರಿಸ್ತಾವ್ನೆ ಕಣೇ!” ಎಂದು ಇಡೀ ಎಸ್ಟೇಟಿಗೆ ಕೇಳುವಂತೆ ಕೂಗಿದರು.

ಹೆಂಗಸರೆಲ್ಲ ಚಪ್ಪಾಳೆ ಹೊಡೆದು ನಕ್ಕರು. ಮೇಸ್ತ್ರಿ ಕೂಡ ನಕ್ಕರು, ಪ್ರೆಸ್ ನಿಲ್ಲಿಸಿ ಹತ್ತಿರ ಬಂದರು. ಅತ್ತೆ ಕಣ್ಣು ಮುಚ್ಚಿ ತಲೆದೂಗುತ್ತ ಬಹಳ ಹೊತ್ತು ಕೇಳಿದರು. ಆಮೇಲೆ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ತಾವು ನನ್ನ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದೇವೆ ಎಂದೇ ಅವರು ತಿಳಿದಿದ್ದರು. ಆದರೆ ಮಾತು ಅದೇ ದೊಡ್ಡ ದನಿಯಲ್ಲಿ ಬಂತು.

“ನಿಮ್ ಮಾವ ಹೋದ್ ದಿವ್ಸ ಕಿವೀದು ಬಿಚ್ಚಿದ್ರು. ಹದಿನಾಲ್ಕ್ ವರ್ಸ ಆಯ್ತು. ಯಾರ್ಗೂ ಕಾಣ್‌ಬಾರ್ದು ಅಂತ ಮುಚ್ಕೊಂಡೇ ಅವ್ನಿ ಕಣೇ. ಈ ಬೋಳ್ ಕಿವಿಗೆ ಇವತ್ತೇ ಒಂದ್ ಒಳ್ಳೇದ್ ಆಗಿದ್ದು.”

ಸಾರ್ ರೆಕಾರ್ಡಿನ ಕಡೆ ತಿರುಗಿ ನಿಂತರು. ಮೇಸ್ತ್ರಿ ತಲೆ ತಗ್ಗಿಸಿದರು. ಅತ್ತೆಗೆ ಏನೂ ತಿಳಿಯಲಿಲ್ಲ. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟು, “ಯಾಕ್ ಎಲ್ರೂ ಹಿಂಗ್ ನಿಂತವ್ರೆ?” ಎಂದರು. ಯಾರೂ ಹೇಳಲಿಲ್ಲ. ಅವರು ಬದುಕಿರುವ ತನಕ ನಾನೂ ಹೇಳಲಿಲ್ಲ.

ಸೆರಗು ಸರಿಮಾಡಿಕೊಂಡು ಎದ್ದವರು ನನ್ನ ಮುಂದೆ ಅಂಗೈ ಚಾಚಿದರು.

“ಬಿಚ್ಕೊಡು ಓಲೇನ. ನೀನೇ ಬಿಚ್ಕೊ, ಮುತ್ತೈದೆ ಕಿವೀದ್ ಬಿಚ್ಚೋದು, ನನ್ ಕೈಲಿ ಅದೊಂದ್ ಆಗಾಕಿಲ್ಲ. ಸಂಜೆ ಮನೇಗ್ ಬಾ, ನಾನೇ ಹಾಕ್ತೀನಿ.”

ಹೇಳಿದಂತೆ ಸಂಜೆ ಬಾಗಿಲ ಜಗಲಿಯ ಮೇಲೆ ನನ್ನನ್ನು ಕೂರಿಸಿಕೊಂಡರು. ಯಾರ ಮನೆಯ ಆರತಿಗೂ ಮುಂದೆ ಬಾರದೆ ಅಡುಗೆಮನೆಯಲ್ಲೇ ನಿಲ್ಲುತ್ತಿದ್ದ ಅತ್ತೆ, ಬೀದಿಯಲ್ಲಿ ಹೋಗುವವರು ನೋಡುತ್ತಿದ್ದರೂ ಲೆಕ್ಕಿಸದೆ, ನನ್ನ ಕಿವಿಗೆ ಓಲೆ ಇಟ್ಟು ಹಿಂದಿನಿಂದ ತಿರುಪು ಹಾಕಿದರು. ನೋವಾಯಿತೇನೇ ಎಂದು ಕೇಳಿದರು. ಹದಿನಾಲ್ಕು ವರ್ಷದಿಂದ ತಿರುಪು ಮುಟ್ಟದ ಬೆರಳುಗಳು, ನೋವಾಗಿತ್ತು. ಇಲ್ಲ ಎಂದೆ.