ತಗಡಿನ ಮೇಲೆ ಹೆಂಚು ಹೊದಿಸಿದ ಬೀರಪ್ಪ

ಕಡೂರಿನ ರೈಲ್ವೆ ಗೇಟಿನಾಚೆ ಷಣ್ಮುಖಪ್ಪನವರು ಟ್ರ್ಯಾಕ್ಟರ್ ಟ್ರೈಲರ್ ಕಟ್ಟಿಸುವ ವರ್ಕ್‌ಶಾಪಿಗೆ ಮೇಲೂ ತಗಡು, ಸುತ್ತಲೂ ತಗಡು. ಆ ಸೂರಿನ ಕಬ್ಬಿಣದ ಹಂದರವನ್ನು ಬೆಸೆದವನು ಎಮ್ಮೆದೊಡ್ಡಿ ಕಡೆಯ ಬೀರಪ್ಪ. ಓದಿದ್ದು ಮೂರನೇ ಕ್ಲಾಸು. 1983ರ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅವನ ಜೊತೆಗಾರ ಕೆಂಚಪ್ಪ ಸೆಕೆಗೆ ಕಣ್ಣು ಕತ್ತಲೆ ಬಂದು, ಗ್ಯಾಸ್ ಕಟ್ಟರ್ ಹಿಡಿದೇ ಬಿದ್ದ. ಕಟ್ಟರಿನ ಉರಿಯುವ ಮೂತಿ ಅವನ ತೊಡೆಯಿಂದ ಒಂದು ಗೇಣು ದೂರದಲ್ಲಿತ್ತು. ಯಜಮಾನರ ಕೋಣೆಗೆ ಮಾತ್ರ ಮೊದಲ ದಿನದಿಂದಲೇ ಮಂಗಳೂರು ಹೆಂಚು, ಫ್ಯಾನು. ಯಾರನ್ನು ಸುಡಬೇಕು, ಯಾರನ್ನು ಬಿಡಬೇಕು ಎಂದು ನಮ್ಮಲ್ಲಿ ಬಿಸಿಲಿಗೂ ಹೇಳಿಕೊಟ್ಟಿರುತ್ತಾರೆ.

ಆಳು ಬಿದ್ದ ಮೇಲೆ ಯಜಮಾನರಿಗೆ ಸೂರಿನ ನೆನಪಾಯಿತು. ಏಜೆಂಟನೊಬ್ಬ ಬೆಳ್ಳಗಿನ ಥರ್ಮೋಕೋಲ್ ಹಲಗೆ ತಂದು, "ತಗಡಿನ ಅಡಿಗೆ ಅಂಟಿಸಿಬಿಡಿ, ಒಳಗೆ ಊಟಿ" ಎಂದ. ಷಣ್ಮುಖಪ್ಪನವರಿಗೆ ಹಿಡಿಸಿತು. ಮಗಳ ಮದುವೆ ಮಂಟಪಕ್ಕೆಲ್ಲ ಅದನ್ನೇ ಕತ್ತರಿಸಿ ಅಂಟಿಸಿದ್ದರು, ನೆಂಟರೆಲ್ಲ ಹೊಗಳಿದ್ದರು.

"ಮಂಟಪದಾಗೆ ಯಾರೂ ವೆಲ್ಡಿಂಗ್ ಮಾಡ್ಲಿಲ್ಲ ಯಜಮಾನ್ರೆ" ಎಂದ ಬೀರಪ್ಪ.

"ಲೇ ಬೀರ, ನೀನ್ ಯಾವಾಗ ಎಂಜಿನಿಯರ್ ಆದ್ಯೋ?"

ಬೀರಪ್ಪ ಹಲಗೆಯನ್ನು ಅಂಗಳಕ್ಕೊಯ್ದು ಎರಡು ಕಲ್ಲಿಗೆ ಒರಗಿಸಿ, ಪಕ್ಕದ ಕಬ್ಬಿಣಕ್ಕೆ ವೆಲ್ಡಿಂಗ್ ಕಡ್ಡಿ ತಾಗಿಸಿದ. ಕಿಡಿ ಸಿಡಿದಲ್ಲೆಲ್ಲ ಹಲಗೆ ತೂತುಬಿತ್ತು, ಕರಗಿತು, ಆಮೇಲೆ ಕಪ್ಪು ಹೊಗೆಯೆಬ್ಬಿಸಿ ಉರಿಯುತ್ತ ತೊಟ್ಟಿಕ್ಕಿತು. ಒಂದು ಹನಿ ಅವನ ಚರ್ಮದ ಗ್ಲೌಸಿಗೆ ಅಂಟಿತು. ಕೊಡವಿದರೂ ಬೀಳಲಿಲ್ಲ.

"ಇದು ಕೆಂಚಪ್ಪನ ಬೆನ್ನಿಗೆ ಬಿದ್ರೆ, ಬೆನ್ನನ್ನೂ ಗ್ಲೌಸ್ ಥರ ಕಳಚಿ ಇಡಕಾಯ್ತದಾ?"

"ಕಿಡಿ ಸೂರಿನ ತನಕ ಎಲ್ಲಿ ಹಾರ್ತದೆ?" ಏಜೆಂಟ್ ಗೊಣಗಿದ.

"ಟ್ರೈಲರ್ ಮೇಲೆ ನಿಂತು ವೆಲ್ಡ್ ಮಾಡ್ತೀವಿ ಕಣ್ರೀ. ನಾಳೆ ಬನ್ನಿ, ನೀವೂ ಹತ್ತೀರಂತೆ."

ಬೀರಪ್ಪ ತನ್ನ ತಲೆಯಲ್ಲಿದ್ದ ಬೇರೆ ಲೆಕ್ಕ ಬಿಚ್ಚಿಟ್ಟ. ಅಜ್ಜಂಪುರದಲ್ಲಿ ಜನ ತಾರಸಿ ಹಾಕಿಸಲು ಮನೆಯ ಹಳೇ ನಾಡಹೆಂಚು ಇಳಿಸಿ ಬೀದಿ ಬದಿಗೆ ರಾಶಿ ಹಾಕುತ್ತಿದ್ದರು. ತಗಡಿನ ಮೇಲೆ ಕಬ್ಬಿಣದ ಪಟ್ಟಿ ಕಟ್ಟಿ, ನಾಲ್ಕು ಬೆರಳು ಸಂದು ಬಿಟ್ಟು ಆ ಹೆಂಚು ಹೊದಿಸಿದರೆ ಬಿಸಿಲು ಹೆಂಚಿಗೇ ನಿಲ್ಲುತ್ತದೆ, ಸಂದಿನಲ್ಲಿ ಗಾಳಿಯಾಡುತ್ತದೆ. ಭಾರ ಹಂದರ ತಡೆಯುತ್ತದೆ, ಬೆಸುಗೆ ಅವನದೇ.

"ತರೀಕೆರೆ ಗಿರಾಕಿಗಳು ಬಂದು, ಇದೇನ್ ದನದ ಕೊಟ್ಟಿಗೇನಾ ಅಂತ ನಕ್ರೆ?" ಯಜಮಾನರು ಸಿಡುಕಿದರು.

"ಕೊಟ್ಟಿಗೇಲಿ ದನ ಬವಳಿ ಬಂದು ಬೀಳಲ್ಲ."

"ಥರ್ಮೋಕೋಲೇ ಹಾಕ್ಸೋದು! ಇಷ್ಟ ಇಲ್ದೋರು ನಾಳೆಯಿಂದ ಬರಬ್ಯಾಡಿ!"

ಮನೆಯಲ್ಲಿ ಹೆಂಡತಿ ದ್ಯಾವಮ್ಮ ಏಳು ತಿಂಗಳ ಬಸುರಿ. ಕೆಲಸ ಹೋದರೆ ಏನಾಗುತ್ತದೆಂದು ಬೀರಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಗ್ಲೌಸು ಕಳಚಿ ಬೆಂಚಿನ ಮೇಲಿಟ್ಟ. ಆಮೇಲೆ ಕೆಂಚಪ್ಪ, ಇನ್ನೂ ಸರಿಯಾಗಿ ಚೇತರಿಸಿಕೊಳ್ಳದವನು, ವೆಲ್ಡಿಂಗಿನ ತನ್ನ ಕಪ್ಪು ಕನ್ನಡಕವನ್ನು ಅದರ ಪಕ್ಕದಲ್ಲಿಟ್ಟ. ಉಳಿದ ನಾಲ್ವರು ಕೆಲಸಗಾರರೂ ತಂತಮ್ಮವನ್ನು ಇಟ್ಟರು.

ಮೂರು ದಿನ ವರ್ಕ್‌ಶಾಪು ಸದ್ದಿಲ್ಲದೆ ಬಿದ್ದಿತ್ತು. ಟ್ರೈಲರ್ ಒಯ್ಯಲು ಶಿವನಿಯಿಂದ ಬಂದ ರೈತ ಬಾಯಿಗೆ ಬಂದಂತೆ ಬೈದು ಹೋದ. ನಾಲ್ಕನೇ ದಿನ ಯಜಮಾನರೇ ತರಿಸಿದ ಹೆಂಚಿನ ಲೋಡು ಅಜ್ಜಂಪುರದಿಂದ ಬಂತು. ಹೊದಿಸಲು ಬೀರಪ್ಪನೇ ಮೇಲೆ ಹತ್ತಿದ.

ಮೇ ತಿಂಗಳ ಸುಡುಮಧ್ಯಾಹ್ನ ಕೆಂಚಪ್ಪ ಟ್ರೈಲರ್ ಮೇಲೆ ನಿಂತು ಸೂರಿನ ತಗಡಿಗೆ ಅಂಗೈ ಒತ್ತಿದ. ಹಿಂದಕ್ಕೆ ತೆಗೆಯಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತ ಕೋಣೆಯಿಂದ ಯಜಮಾನರು ಕುರ್ಚಿ ಎಳೆದುಕೊಂಡು ವರ್ಕ್‌ಶಾಪಿನೊಳಗೆ ಬಂದು ಕೂತರು.

"ಏನಪ್ಪಾ ಬೀರ, ಇಲ್ಲೇ ವಾಸಿ ಕಣೋ."

"ವಾಸಿನೇ. ಆದ್ರೆ ಅದು ಕೆಂಚಪ್ಪ ಉಂಡು ಮಲಗೋ ಜಾಗ. ಕುರ್ಚಿ ಒಸಿ ಆಚೆಗೆ ಹಾಕ್ಕೊಳ್ಳಿ."

ಯಜಮಾನರು ಹಾಕಿಕೊಂಡರು.