ಎಡಗಿವಿಗೆ ಹೇಳಿದ ಆಕಾಶ

ಮೈಸೂರಿನಲ್ಲಿ ಸಿನಿಮಾ ನೋಡುವವರಿಗೆ ಲೆಕ್ಕವಿಲ್ಲ. ಸಿನಿಮಾ ಹೇಳುವವಳು ಮಾತ್ರ ನಜರ್‌ಬಾದಿನ ಹೇಮಶ್ರೀ ಒಬ್ಬಳೇ ಇರಬೇಕು. ಅವಳು ಹೇಳುವುದು ಒಂದೇ ಒಂದು ಕಿವಿಗೆ, ಸೋದರತ್ತೆ ಪುಟ್ಟಬಸಮ್ಮನವರ ಎಡಗಿವಿಗೆ. ಅವರ ಬಲಗಿವಿ ಸ್ವಲ್ಪ ಮಂದ. ಅದನ್ನು ಅವರು ಪರದೆಯ ಮಾತಿಗೂ ಸಂಗೀತಕ್ಕೂ ಬಿಟ್ಟುಕೊಟ್ಟಿದ್ದರು.

ಪುಟ್ಟಬಸಮ್ಮನವರಿಗೆ ಒಂಬತ್ತನೆಯ ವಯಸ್ಸಿನಲ್ಲಿ ಸಿಡುಬು ಬಂದು ಎರಡು ಕಣ್ಣೂ ಹೋದವು. ಅವರು ಬೆತ್ತ ಹೆಣೆಯುವುದನ್ನು ಕಲಿತು ನಲವತ್ತು ವರ್ಷ ಕಚೇರಿಗಳ ಕುರ್ಚಿಗಳಿಗೆ ಬೆತ್ತ ಹಾಕಿದರು. "ಎಂಥೆಂಥಾ ಸಾಹೇಬರು ನನ್ನ ಹೆಣಿಗೆ ಮೇಲೆ ಕೂತು ಪೆನ್ಷನ್ ತಗೊಂಡ್ರು, ಒಬ್ಬರಾದ್ರೂ ಥ್ಯಾಂಕ್ಸ್ ಅಂದ್ರಾ?" ಎಂದು ನಗುತ್ತಿದ್ದರು. ಮದುವೆಯಾಗಲಿಲ್ಲ. ತಮ್ಮ ಇರುವತನಕ ಅವನ ಜೊತೆ ಇದ್ದರು, ಅವನು ಹೋದ ಮೇಲೆ ಅವನ ಮಗಳು ಹೇಮಶ್ರೀಯ ಜೊತೆ.

ಹೇಮಶ್ರೀ ಹತ್ತು ವರ್ಷದವಳಿದ್ದಾಗ ಅತ್ತೆಗೆ ಮೊದಲ ಸಿನಿಮಾ ಹೇಳಿದಳು. "ಹೀರೋಗೆ ಬೇಜಾರಾಗಿದೆ ಅತ್ತೆ" ಎಂದದ್ದೇ ತಡ, ಅತ್ತೆ ಅವಳ ತೊಡೆ ಚಿವುಟಿದರು.

"ಬೇಜಾರು ನಿಂಗೆ ಎಂಗೆ ಕಾಣ್ತದೆ? ಅದೇನು ಕುರ್ಚಿನಾ? ಕಣ್ಣಿಗೆ ಏನು ಕಾಣ್ತದೆ, ಅದನ್ನ ಹೇಳು."

"ಕೆಳಗೆ ನೋಡ್ತಾ ಇದಾನೆ. ಅಂಗಿ ಗುಂಡಿ ತಿರುವ್ತಾ ಇದಾನೆ."

"ಹೂಂ" ಎಂದರು ಅತ್ತೆ. "ಬೇಜಾರಾಗಿದೆ ಅವನಿಗೆ."

ಅಂದಿನಿಂದ ಅದೇ ಕಟ್ಟಳೆ. ಕಂಡದ್ದನ್ನು ಹೇಳಬೇಕು, ಅನ್ನಿಸಿದ್ದನ್ನು ಅತ್ತೆಗೆ ಬಿಡಬೇಕು. ಹೇಮಶ್ರೀಗೆ ಈಗ ನಲವತ್ತಾರು. ಹದಿನೆಂಟು ವರ್ಷದಿಂದ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ, ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆಗಳ ಬೆಸುಗೆಯನ್ನು ಭೂತಗನ್ನಡಿಯ ಕೆಳಗಿಟ್ಟು ಪರೀಕ್ಷೆ ಮಾಡುತ್ತಾಳೆ. ಬೆಸುಗೆ ಬಿಟ್ಟಿದ್ದರೆ ಬಿಟ್ಟಿದೆ ಎಂದು ಬರೆಯುತ್ತಾಳೆ. ಬಿಡಬಹುದು ಎಂದು ಎಂದೂ ಬರೆದವಳಲ್ಲ. ಅವಳ ಸಹಿ ಇದ್ದ ಹಲಗೆಯನ್ನು ಎರಡನೆಯ ಸಲ ಯಾರೂ ನೋಡುವುದಿಲ್ಲ. ಆ ಕೆಲಸ ಅವಳಿಗೆ ಸಲೀಸಾಗಿ ಒಗ್ಗಿದ್ದು ಅತ್ತೆಯ ಚಿವುಟಿನಿಂದಲೇ.

ಮೂರು ವರ್ಷದ ಹಿಂದೆ ಒಂದು ಬಾಹ್ಯಾಕಾಶದ ಸಿನಿಮಾ ಕನ್ನಡಕ್ಕೆ ಡಬ್ ಆಗಿ ಬಂತು. ಒಂದು ಸಾಮಾನು ಸಾಗಿಸುವ ನೌಕೆ. ಅದರಲ್ಲಿ ಅಪ್ಪ, ಮಗಳು ಇಬ್ಬರೂ ಮೆಕ್ಯಾನಿಕ್ಕುಗಳು. ರಿಪೇರಿಗೆಂದು ಹೊರಗಿಳಿದ ಅಪ್ಪ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಕತೆ ಎಂದರೆ ಇಷ್ಟೇ. ಅಪ್ಪ ಹೊರಗಿಳಿಯುತ್ತಿದ್ದಂತೆ ಸಿನಿಮಾದ ಸದ್ದೆಲ್ಲ ನಿಂತುಹೋಯಿತು. ಅಲ್ಲಿ ಗಾಳಿಯಿಲ್ಲ, ಆದ್ದರಿಂದ ಶಬ್ದವಿಲ್ಲ. ಕಣ್ಣಿದ್ದವರಿಗೆ ಪರದೆ ಇತ್ತು. ಪುಟ್ಟಬಸಮ್ಮನವರಿಗೆ ಉಳಿದದ್ದು ಹೇಮಶ್ರೀಯ ಉಸಿರು ಮಾತ್ರ.

"ಕಪ್ಪು" ಎಂದಳು ಹೇಮಶ್ರೀ.

"ಎಂಥಾ ಕಪ್ಪು?"

"ಬಾವಿ ಕಪ್ಪು. ಕೆಳಗೂ ಬಾವಿ, ಮೇಲೂ ಬಾವಿ, ಪಕ್ಕದಲ್ಲೂ ಬಾವಿ. ಎಲ್ಲೂ ತಳ ಇಲ್ಲ. ಮಧ್ಯದಲ್ಲಿ ಅವನೊಬ್ಬ. ಸೊಂಟಕ್ಕೆ ಹಗ್ಗ. ಹಗ್ಗ ಒಂದು ಕಡೆ ಸವೆದಿದೆ."

ಸವೆದ ಹಗ್ಗವೆಂದರೆ ಏನೆಂದು ಬೆತ್ತ ಹೆಣೆದ ಬೆರಳುಗಳಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. "ಎಷ್ಟು ಎಳೆ ಉಳಿದದೆ?"

"ಮೂರು."

ಅತ್ತೆಯ ಉಗುರು ಹೇಮಶ್ರೀಯ ಮಣಿಕಟ್ಟಿಗೆ ಇಳಿಯಿತು.

"ಎರಡು, ಅತ್ತೆ."

ಇಡೀ ಚಿತ್ರಮಂದಿರದಲ್ಲಿ ಆಗ ಕೇಳುತ್ತಿದ್ದುದು ಅವಳ ಪಿಸುಮಾತೊಂದೇ. ಮುಂದಿನ ಎರಡು ಸಾಲಿಗೂ ಅದು ಕೇಳಿಸುತ್ತಿತ್ತು. ಶ್ ಎಂದು ಯಾರೂ ಅನ್ನಲಿಲ್ಲ. ಮಗಳು ಅಪ್ಪನನ್ನು ಒಳಗೆಳೆದುಕೊಂಡು, ಸದ್ದು ಮರಳಿ ಬಂದಾಗ ಪುಟ್ಟಬಸಮ್ಮನವರು ಎರಡು ಕೈಗಳನ್ನೂ ಮುಖದ ಮೇಲಿಟ್ಟುಕೊಂಡಿದ್ದರು.

ಹೊರಗೆ ಬಂದು ಆಟೋಗೆ ಕಾಯುವಾಗ ಅವರು ಬಿಸಿಲಿಗೆ ಮುಖವೊಡ್ಡಿ ಬಹಳ ಹೊತ್ತು ನಿಂತರು. "ಕಣ್ಣಿದ್ದಾಗ ಮಾಳಿಗೆ ಮೇಲೆ ಮಲಗಿ ಚುಕ್ಕಿ ನೋಡ್ತಿದ್ದೆ ಕಣೆ. ಗೋಡೆಗೆ ಮೊಳೆ ಹೊಡೆದಂಗೆ ಇದಾವೆ ಅಂದ್ಕೊಂಡಿದ್ದೆ. ಅದರ ಹಿಂದೆ ಇಷ್ಟೊಂದು ಜಾಗ ಅದಾ?" ಎಂದರು. ಅತ್ತೆಯ ತಲೆಯೊಳಗೆ ಇಷ್ಟು ದೊಡ್ಡದೊಂದು ಆಕಾಶ ತೆರೆದುಕೊಂಡದ್ದು ತನ್ನ ನಾಲಿಗೆಯಿಂದ ಎಂಬುದು ಹೇಮಶ್ರೀಗೆ ಭಯ ಹುಟ್ಟಿಸಿತ್ತು.

ಎರಡನೆಯ ಭಾಗ ಬರುತ್ತದೆಂದು ಸುದ್ದಿಯಾದ ವರ್ಷವೇ ಪುಟ್ಟಬಸಮ್ಮನವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ನಾಯಿತು. ಮೆಟ್ಟಿಲು ಹತ್ತುವ ಮಾತೇ ಬೇಡ ಎಂದರು ಡಾಕ್ಟರು. "ಆ ಹುಡುಗಿ ಕತೆ ಏನಾಯ್ತು ಅಂತ ತಿಳಿಯೋಗಂಟ ನಾನು ಮಲಗಲ್ಲ ಅಂತ ಅವರಿಗೆ ಹೇಳ್ಬುಡು" ಎಂದರು ಅತ್ತೆ. ಚಿತ್ರಮಂದಿರದ ಬಾಲ್ಕನಿಗೆ ಇಪ್ಪತ್ತೆರಡು ಮೆಟ್ಟಿಲು. ಮನೆಯ ಮುಂದಿನ ಮೂರು ಮೆಟ್ಟಿಲನ್ನೇ ಹತ್ತಿ, ಇಳಿದು, ಹತ್ತಿ ಎರಡು ತಿಂಗಳು ಅಭ್ಯಾಸ ಮಾಡಿದರು. ಪಕ್ಕದ ಮನೆಯ ನೀಲಮ್ಮ ಎಣಿಸುತ್ತಿದ್ದಳು.

ಆ ಭಾನುವಾರ ಮ್ಯಾಟಿನಿಗೆ ಇಪ್ಪತ್ತೆರಡು ಮೆಟ್ಟಿಲನ್ನೂ ಹತ್ತಿ, ಬೆವರೊರೆಸಿಕೊಂಡು, ಅವರು ಸೀಟಿನಲ್ಲಿ ನೆಟ್ಟಗೆ ಕೂತರು. "ಹೂಂ. ಹೇಳು."

ಹೇಳುವುದಕ್ಕೆ ಬೇಕಾದಷ್ಟಿತ್ತು. ಐದು ಸೂರ್ಯರಿದ್ದರು. ಸಾವಿರ ನೌಕೆಗಳು ಇರುವೆ ಸಾಲಿನಂತೆ ಬಂದವು. ಚಿನ್ನದ ಬಣ್ಣದ ಮೋಡದಿಂದ ಅರಮನೆಯಂಥದ್ದೊಂದು ತಲೆಕೆಳಗಾಗಿ ಇಳಿಯಿತು. ಹೇಮಶ್ರೀ ಒಂದನ್ನೂ ಬಿಡದೆ ಹೇಳಿದಳು.

"ಗ್ರಹ ಒಡೀತು ಅತ್ತೆ! ಎರಡು ಹೋಳು!"

"ಯಾರಿದ್ರು ಅದರಲ್ಲಿ?"

"ಯಾರೂ ಇಲ್ಲ."

"ಯಾರೂ ಇಲ್ದೇ ಇರೋದು ಒಡೆದ್ರೆ ನಮಗೇನಂತೆ? ಆ ಹುಡುಗಿ ಎಲ್ಲಿ?"

ಹುಡುಗಿ ಇದ್ದಳು. ಸೊಂಟದ ಮೇಲೆ ಕೈಯಿಟ್ಟು ನಿಂತು, ಪ್ರತಿಯೊಂದಕ್ಕೂ ಒಂದು ತಮಾಷೆ ಮಾತಾಡುತ್ತಿದ್ದಳು. "ಮುಖ?" ಎಂದು ಅತ್ತೆ ಕೇಳಿದಾಗಲೆಲ್ಲ "ನಗ್ತಿದಾಳೆ" ಎನ್ನುವುದಷ್ಟೇ ಹೇಮಶ್ರೀಯ ಪಾಲಿಗೆ ಉಳಿದದ್ದು. ಅಷ್ಟರಲ್ಲಿ ಅಪ್ಪನಿಗೆ ಗುಂಡು ತಗಲಿತು.

"ಸತ್ತ."

"ಅಯ್ಯೋ!"

"ಎದ್ದ ಅತ್ತೆ."

"ಏನು?"

"ಒಂದು ನೀಲಿ ತೊಟ್ಟಿ ಇದೆ. ಅದರಲ್ಲಿ ಮುಳುಗಿಸಿದ್ರೆ ಸತ್ತವರು ಏಳ್ತಾರೆ. ತಲೆ ಒರೆಸ್ಕೋತಾ ಇದಾನೆ."

"ಹಂಗಾದ್ರೆ ನಾನು ಅಯ್ಯೋ ಅಂದಿದ್ದು ದಂಡ" ಎಂದರು ಪುಟ್ಟಬಸಮ್ಮ.

ಅವರು ಹೇಳಿದ್ದರಲ್ಲಿ ಇಡೀ ಚಿತ್ರದ ದೋಷ ಬಂದುಹೋಯಿತು. ಮೊದಲ ಭಾಗದಲ್ಲಿ ಹಗ್ಗದ ಎರಡು ಎಳೆಯ ಮೇಲೆ ಒಂದು ಜೀವ ನೇತಾಡುತ್ತಿತ್ತು. ಇಲ್ಲಿ ಸೂರ್ಯನೇ ಆರಿಹೋದರೂ ಯಾರಿಗೂ ನಷ್ಟವಿಲ್ಲ. ಇಂಟರ್‌ವಲ್ಲಿನಲ್ಲಿ ಅತ್ತೆ ಕೈಕೋಲು ತಡಕಿದರು. "ಹೋಗವ ನಡಿ. ಇದೇನೋ ಗದ್ದಲ. ಸುಮ್ಕೆ ಮೆಟ್ಲು ಹತ್ತಿದ್ದಾಯ್ತು."

ಗದ್ದಲ ಎಂದಷ್ಟೇ ಹೇಳಿದ್ದರೆ ಹೇಮಶ್ರೀ ಎದ್ದುಬಿಡುತ್ತಿದ್ದಳೋ ಏನೋ. ಮೆಟ್ಟಿಲಿನ ಮಾತು ಅವಳನ್ನು ಕಟ್ಟಿಹಾಕಿತು. "ಇನ್ನೊಂದು ಸ್ವಲ್ಪ ಇರಿ ಅತ್ತೆ" ಎಂದಳು.

ಎರಡನೆಯ ಅರ್ಧದಲ್ಲಿ ಅಪ್ಪ ಮತ್ತೆ ಹೊರಗಿಳಿಯಲು ಸಿದ್ಧನಾದ. ಹುಡುಗಿ ಅವನಿಗೆ, "ಬೇಗ ಬನ್ನಿ ಅಪ್ಪ, ಕಾಫಿ ಆರಿಹೋಗುತ್ತೆ" ಎಂದಳು. ಜನ ನಕ್ಕರು. ಪರದೆಯ ಮೇಲೆ ಅವಳ ಎರಡು ಕೈಗಳೂ ಸೊಂಟದ ಮೇಲೇ ಇದ್ದವು.

"ನಗ್ತಾ ಇದಾಳೆ" ಎಂದಳು ಹೇಮಶ್ರೀ. ಮುಂದಿನ ಮಾತು ಎಲ್ಲಿಂದ ಬಂತೋ, ಬಂದುಬಿಟ್ಟಿತು. "ಬಲಗೈ ಹಿಂದೆ ಇದೆ. ಅಪ್ಪಂಗೆ ಕಾಣದ ಹಾಗೆ. ಅಂಗಿ ಚುಂಗನ್ನ ಮುಷ್ಟೀಲಿ ಹಿಡಿದಿದಾಳೆ. ಬೆರಳ ಗೆಣ್ಣೆಲ್ಲ ಬೆಳ್ಳಗಾಗಿದೆ."

ಪುಟ್ಟಬಸಮ್ಮನವರು ಕುತ್ತಿಗೆ ನೆಟ್ಟಗೆ ಮಾಡಿದರು. "ಯಾಕೆ? ತೊಟ್ಟಿ ಅದಲ್ಲ?"

"ತೊಟ್ಟಿ ಬತ್ತಿದೆ ಅತ್ತೆ. ತಳ ಕಾಣ್ತಿದೆ. ಅಪ್ಪಂಗೆ ಗೊತ್ತಿಲ್ಲ, ಅವಳೊಬ್ಬಳಿಗೇ ಗೊತ್ತು."

"ಅಂಗಾದ್ರೆ ಆ ಕಾಫಿ ಮಾತು..." ಅತ್ತೆಯ ಕೈ ಹೇಮಶ್ರೀಯ ಮಣಿಕಟ್ಟನ್ನು ಹುಡುಕಿಕೊಂಡು ಬಂತು.

ಆಮೇಲೆ ಅವಳು ಪರದೆಯ ಒಂದು ಮಾತನ್ನೂ ಬದಲಿಸಲಿಲ್ಲ. ಬದಲಿಸುವಂತಿರಲಿಲ್ಲ, ಮಾತು ಅತ್ತೆಗೂ ಕೇಳುತ್ತಿತ್ತು. ಮಾತುಗಳ ನಡುವೆ ಬರಿದಾಗಿ ಬಿದ್ದಿದ್ದ ಜಾಗದಲ್ಲಿ ಅವಳು ಒಂದು ಮುಷ್ಟಿಯನ್ನೂ ಒಂದು ಬತ್ತಿದ ತೊಟ್ಟಿಯನ್ನೂ ಇಟ್ಟಳು, ಅಷ್ಟೇ. ಅಷ್ಟಕ್ಕೇ ಸಿನಿಮಾ ಎದ್ದು ನಿಂತಿತು. ಅದೇ ಹಳಸಲು ತಮಾಷೆಗಳು ಒಂದೊಂದೂ ಈಗ ಕರುಳಿಗೆ ತಗಲುತ್ತಿದ್ದವು. ಜನ ನಕ್ಕಾಗ ಪುಟ್ಟಬಸಮ್ಮನವರು "ನಗ್ತಾವಲ್ಲ, ಮುಂಡೇವು" ಎಂದು ಗೊಣಗಿದರು. ಸಾವಿರ ನೌಕೆಗಳು ಮಾಡಲಾಗದ್ದನ್ನು ತನ್ನ ಎರಡು ವಾಕ್ಯ ಮಾಡುತ್ತಿರುವುದನ್ನು ಕಂಡು ಹೇಮಶ್ರೀಯ ಮೈ ಜುಮ್ಮೆಂದಿತು. ಮುಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಪಾಪ್‌ಕಾರ್ನ್ ಕೈಯಲ್ಲೇ ಹಿಡಿದು, ತಲೆಯನ್ನು ಹಿಂದಕ್ಕೆ ವಾಲಿಸಿ ಕೂತಿದ್ದರು. ನಿಲ್ಲಿಸಬೇಕು ಎಂದು ಅವಳಿಗೆ ಅನ್ನಿಸಿತು. ನಿಲ್ಲಿಸಲಾಗಲಿಲ್ಲ.

ಅಪ್ಪ ಬದುಕಿ ಒಳಗೆ ಬಂದ. ಅತ್ತೆ ಕೈ ಮುಗಿದರು. ದೀಪ ಹತ್ತಿತು.

ಮುಂದಿನ ಸಾಲಿನ ಹಿರಿಯರು ಎದ್ದು ತಿರುಗಿದರು. ಒಳ್ಳೆಯ ಮನಸ್ಸಿನ ಮುಖ. "ನಾನು ಗೋವಿಂದರಾಜು ಅಂತ, ಲಕ್ಷ್ಮೀಪುರಂ. ನಿಮ್ಮ ವಿವರಣೆ ಕೇಳಿ ಬಹಳ ಸಂತೋಷವಾಯ್ತಮ್ಮ. ಆದರೆ ಆ ಮುಷ್ಟಿ ಯಾವಾಗ ತೋರಿಸಿದ್ರು? ತೊಟ್ಟಿ ಬತ್ತಿದ್ದೂ ನನಗೆ ಕಾಣಲೇ ಇಲ್ಲ. ನಾನು ಕನ್ನಡಕ ಬದಲಾಯಿಸಬೇಕು ಅಂತ ಕಾಣುತ್ತೆ."

ಮತ್ತೆ ಹೇಮಶ್ರೀಯ ಮಣಿಕಟ್ಟು ಹಿಡಿದಿದ್ದ ಅತ್ತೆಯ ಕೈ ಮೆಲ್ಲಗೆ ಸರಿದು ಕೋಲಿಗೆ ಹೋಯಿತು.

"ನಿಮ್ಮ ಕನ್ನಡಕ ಸರಿಯಾಗೇ ಅದೆ ಸ್ವಾಮಿ" ಎಂದರು ಪುಟ್ಟಬಸಮ್ಮ.

ಮರುದಿನ ಬೆಳಿಗ್ಗೆ ಅತ್ತೆ ಬಿ.ಪಿ. ಮಾತ್ರೆಯ ಹಾಳೆಯನ್ನು ನೀಲಮ್ಮನ ಕೈಗೆ ಕೊಟ್ಟು ಹೆಸರು ಓದಿಸಿದರು. ಮಂಗಳವಾರ ಉಟ್ಟ ಸೀರೆಯ ಬಣ್ಣವನ್ನು ಹಾಲಿನವನ ಹತ್ತಿರ ಕೇಳಿದರು. ಹೇಮಶ್ರೀ ಶಿಫ್ಟಿಗೆ ಹೋಗಿ ಬೆಸುಗೆಗಳನ್ನು ನೋಡುತ್ತ ಕೂತಳು, ತಾನು ಪಾಸು ಮಾಡಿದ ಹಲಗೆಯನ್ನೇ ಮತ್ತೆ ಕೈಗೆತ್ತಿಕೊಂಡಳು. ಮೂವತ್ತಾರು ವರ್ಷ ಒಬ್ಬರ ಕಣ್ಣಾಗಿದ್ದವಳು ಅವಳು. ಆ ಕೆಲಸದಿಂದ ಈಗ ಅವಳನ್ನು ತೆಗೆದುಹಾಕಿದ್ದರು, ನೋಟೀಸಿಲ್ಲದೆ.

ಶನಿವಾರ ಸಂಜೆ ಜಗಲಿಯ ಮೇಲೆ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದರು. ಅತ್ತೆ ತಾವಾಗಿಯೇ ಬಾಯಿ ತೆರೆದರು.

"ನನ್ನ ಮುಖ ಎಂಗಿದೆ ಅಂತ ಹಿಂದೊಂದು ಸಲ ಕೇಳಿದ್ದೆ. ಸಿಡುಬಿನ ಕಲೆಯೆಲ್ಲ ಸುಕ್ಕಿನೊಳಗೆ ಸೇರಿಹೋಗಿದೆ, ಯಾವುದು ಕಲೆ ಯಾವುದು ಸುಕ್ಕು ಅಂತ ತಿಳಿಯಲ್ಲ ಅಂದೆ ನೀನು. ಅದು ಕಂಡಿದ್ದೋ, ಸೇರಿಸಿದ್ದೋ?"

"ಕಂಡಿದ್ದು ಅತ್ತೆ."

"ಎಂಗೆ ನಂಬ್ಲಿ?"

ಅತ್ತೆ ಇನ್ನೊಂದು ಕಾಯಿ ಸುಲಿದರು. "ಸಿನಿಮಾ ಚೆನ್ನಾಗಿಲ್ಲ ಅಂದಿದ್ರೆ ಎದ್ದು ಬರ್ತಿದ್ವು. ಮೆಟ್ಲು ಹತ್ತಿದ್ದು ದಂಡ ಆಗ್ತಿತ್ತು, ಅಷ್ಟೇ. ಈಗ ನೋಡು, ಎಲ್ಲಾನೂ ದಂಡ. ಹೋಗ್ಲಿ, ಆ ಮುಷ್ಟಿ ಎಲ್ಲಿಂದ ತಂದೆ? ಅದೊಂದು ಹೇಳು. ಅಂಥದ್ದೆಲ್ಲ ಕಟ್ಟೋಳಲ್ಲ ನೀನು."

ಹೇಮಶ್ರೀ ಯೋಚಿಸಿದಳು. ಎಲ್ಲಿಂದ ಬಂತೆಂದು ಅವಳಿಗೂ ಆವರೆಗೆ ಗೊತ್ತಿರಲಿಲ್ಲ. ಗೊತ್ತಾದಾಗ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು.

"ಅದೂ ಕಂಡಿದ್ದೇ ಅತ್ತೆ. ಪರದೆ ಮೇಲಲ್ಲ. ಆಪರೇಷನ್ ದಿನ. ಸ್ಟ್ರೆಚರ್ ತಳ್ಳೋರ ಜೊತೆ ನೀವು ತಮಾಷೆ ಮಾಡ್ತಿದ್ರಿ. 'ನಿಧಾನಕ್ಕೆ ತಳ್ಳಿ ಕಣ್ರಪ್ಪ, ದಸರಾ ಮೆರವಣಿಗೆ ಇದು' ಅಂದ್ರಿ. ಅವರೆಲ್ಲ ನಕ್ಕರು. ನಿಮ್ಮ ಬಲಗೈ ಹೊದಿಕೆ ಕೆಳಗೆ ಇತ್ತು. ಹೊದಿಕೆ ಸ್ವಲ್ಪ ಸರಿದಿತ್ತು. ಅದರ ಚುಂಗನ್ನ ಮುಷ್ಟೀಲಿ ಹಿಡಿದಿದ್ರಿ. ಗೆಣ್ಣೆಲ್ಲ ಬೆಳ್ಳಗಾಗಿತ್ತು."

ಪುಟ್ಟಬಸಮ್ಮನವರ ಕೈ ಮೊರದ ಮೇಲೆ ನಿಂತಿತು.

"ನೋಡಿದ್ಯಾ ನೀನು?"

"ನೋಡ್ದೆ."

"ಯಾರಿಗೂ ಕಾಣದಂಗೆ ಇಟ್ಕೊಂಡಿದ್ದೆ."

"ಕಾಣ್ತು ಅತ್ತೆ."

ಹೊರಗಿನವರನ್ನು ಕಾಣದವರು ಅವರು. ಹೊರಗಿನವರು ತಮ್ಮೊಳಗನ್ನು ಕಾಣಬಲ್ಲರೆಂದು ಅರವತ್ತೈದು ವರ್ಷದಲ್ಲಿ ಒಮ್ಮೆಯೂ ಅವರಿಗೆ ಹೊಳೆದಿರಲಿಲ್ಲ. ಮುಖದ ಮೇಲೆ ಬಿಸಿಲು ಬಿದ್ದವರಂತೆ ಅವರು ಹುಬ್ಬೆತ್ತಿ ಕೂತರು. ತಾವು ಹೆದರಿದ್ದ ಹೊತ್ತಿನಲ್ಲಿ ಒಂದು ಜೊತೆ ಕಣ್ಣು ತಮ್ಮ ಮೇಲಿತ್ತು. ಗೆಣ್ಣಿನ ಬಣ್ಣದವರೆಗೆ ಅದು ನೋಡಿತ್ತು, ನೋಡಿ ಇಷ್ಟು ದಿನ ಸುಮ್ಮನಿತ್ತು.

"ಸೇರಿಸಿದ್ದು ತಪ್ಪೇ" ಎಂದರು ಕೊನೆಗೆ. "ಚೆನ್ನಾಗಿದ್ರೂ ತಪ್ಪೇ."

"ತಪ್ಪೇ ಅತ್ತೆ."

"ಆ ದಿನದ್ದು ಪೂರ್ತಿ ಹೇಳು. ನಂಗೆ ಆಸ್ಪತ್ರೆ ವಾಸನೆ ಬಿಟ್ರೆ ಏನೂ ಗೊತ್ತಿಲ್ಲ. ಒಳಗೆ ತಳ್ಕೊಂಡು ಹೋದ್ರಲ್ಲ, ಅಲ್ಲಿಂದ ಶುರು ಮಾಡು."

ಹೇಮಶ್ರೀ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಎರಡು ಬಾಗಿಲು" ಎಂದಳು. "ಹಸಿರು ಬಣ್ಣ. ಸ್ಟ್ರೆಚರ್ ತಗಲೀ ತಗಲೀ ಕೆಳಗಡೆ ಬಣ್ಣ ಎದ್ದುಹೋಗಿದೆ. ನೀವು ಒಳಗೆ ಹೋಗ್ತಾ ಇದೀರಿ. ನನಗೆ ನಿಮ್ಮ ಪಾದ ಮಾತ್ರ ಕಾಣ್ತಿದೆ."

"ಎಂಗಿದೆ ಪಾದ?"

"ಬೆರಳೆಲ್ಲ ಒಳಕ್ಕೆ ಮಡಚ್ಕೊಂಡಿದೀರಿ. ಅಲ್ಲಾಡ್ತಾ ಇಲ್ಲ."

"ಹೂಂ" ಎಂದರು ಪುಟ್ಟಬಸಮ್ಮ. "ಹೆದರಿದಾಳೆ ಅವಳು. ಮುಂದಕ್ಕೆ ಹೇಳು."