ಅವಸರವಿಲ್ಲದ ಅರ್ಜಿ

ಕಳಸದ ಬಸ್ ನಿಲ್ದಾಣದ ಎದುರು ರೇವತಿಯ ಜೆರಾಕ್ಸ್ ಅಂಗಡಿ. ಜೆರಾಕ್ಸ್ ಎಂಬುದು ಬೋರ್ಡಿಗೆ ಮಾತ್ರ. ಹನ್ನೆರಡು ವರ್ಷದಿಂದ ಅವಳ ಹೊಟ್ಟೆ ಹೊರೆದದ್ದು ಪರರಿಗಾಗಿ ಬರೆದುಕೊಡುವ ಕಾಗದ. ಮದುವೆ ಕರೆಯೋಲೆಯಲ್ಲಿ ಸೋದರಮಾವನ ಹೆಸರು ಎಲ್ಲಿ ಬರಬೇಕು, ತಿಥಿ ಕಾರ್ಡಿನಲ್ಲಿ ಯಾವ ಮಾತು ಬರಬಾರದು ಎಂಬುದೆಲ್ಲ ಅವಳಿಗೆ ಅಂಗೈ ನೆಲ್ಲಿಕಾಯಿ. ಪಿಯುಸಿ ಫೇಲಾದವಳೆಂದು ಮೂಗು ಮುರಿದವರೂ ಈಗ ಅವಳ ಸ್ಟೂಲಿನ ಮೇಲೆ ಕೈಕಟ್ಟಿ ಕೂರುತ್ತಾರೆ.

ಮುಂಗಾರು ಹಿಡಿಯಲು ವಾರವಿರುವಾಗ ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ದೇವೀರಮ್ಮ ಬಂದರು. ಮನೆಯ ಹಿಂದಿನ ಕರೆಂಟ್ ಕಂಬ ವಾಲಿ ಮಾಡಿನ ಮೇಲೇ ಬಾಗಿತ್ತು. ಮುದುಕಿ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು. ವಿದ್ಯುತ್ ಕಚೇರಿಗೆ ತಾವೇ ಬರೆದು ಕೊಟ್ಟಿದ್ದರು, ಅದಕ್ಕೆ ಉತ್ತರವೂ ಬಂದಿತ್ತು.

ರೇವತಿ ಮೊದಲು ಅರ್ಜಿ ಓದಿದಳು. ‘ತೀರ್ಥರೂಪು ಸಮಾನರಾದ ಇಂಜಿನಿಯರ್ ಸಾಹೇಬರಿಗೆ ದೇವೀರಮ್ಮನ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಕಂಬ ಸ್ವಲ್ಪ ವಾಲಿದೆ. ಅವಸರವೇನಿಲ್ಲ, ಬಿಡುವಾದಾಗ ಬಂದು ಕಾಫಿ ಕುಡಿದು ನೋಡಿ ಹೋಗುವುದು.’ ಕೆಳಗೆ ಕಚೇರಿಯ ಹಿಂಬರಹ: ‘ಅವಸರವಿಲ್ಲವೆಂದು ಅರ್ಜಿದಾರರೇ ತಿಳಿಸಿರುವುದರಿಂದ, ಮಳೆಗಾಲದ ನಂತರ ಪರಿಶೀಲಿಸಲಾಗುವುದು.’

ರೇವತಿಗೆ ನಗು ತಡೆಯಲಾಗಲಿಲ್ಲ. ದೇವೀರಮ್ಮ ನಗಲಿಲ್ಲ.

“ನಾ ಏನು ತಪ್ಪು ಬರ್ದೆ ಮಗಾ? ತಂಗಿಗೂ ಹೀಗೇ ಬರೀತೀನಿ.”

“ತಂಗಿಗೆ ಸರಿ ಅಮ್ಮಾ. ಆಫೀಸಿನೋರಿಗೆ ಕ್ಷೇಮ ಅಂತ ಬರೆದ್ರೆ, ಕ್ಷೇಮ ಇದಾರಲ್ಲ ಅಂತ ಫೈಲ್ ಮುಚ್ತಾರೆ. ಹೌದು, ಕಂಬದ ಕಡೆ ಗೋಡೆ ಪಕ್ಕ ಯಾರು ಮಲಗ್ತಾರೆ?”

“ಮೊಮ್ಮಗಳು, ಕವನಾ. ಆರು ವರ್ಷ.”

ರೇವತಿಯ ಮುಖದ ನಗು ಅಳಿಸಿಹೋಯಿತು. ನಕ್ಕದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಹೊಸ ಹಾಳೆ ತೆಗೆದು ಬರೆದು, ಓದಿ ಹೇಳಿದಳು: “ವಿಷಯ: ವಾಲಿದ ವಿದ್ಯುತ್ ಕಂಬದಿಂದ ಮಗುವಿನ ಪ್ರಾಣಕ್ಕೆ ಅಪಾಯ. ಕಂಬವು ಆರು ವರ್ಷದ ಮಗು ಮಲಗುವ ಕೋಣೆಯ ಮೇಲೆ ಬಾಗಿದೆ. ಮಳೆ ಹಿಡಿಯುವ ಮೊದಲು ಬದಲಾಯಿಸಬೇಕು.”

“ಅಯ್ಯೋ, ಸೀದಾ ಮೈಮೇಲೆ ಬಿದ್ದ ಹಾಗಾಯ್ತಲ್ಲ. ಒಂದು ನಮಸ್ಕಾರನಾದ್ರೂ ಹಾಕು ಮಾರಾಯ್ತಿ. ದೊಡ್ಡೋರು ಏನಂದ್ಕೋತಾರೆ?”

“ಕೊನೇಲಿ ‘ತಮ್ಮ ವಿಶ್ವಾಸಿ’ ಅಂತ ಹಾಕಿದೀನಿ, ಅರ್ಜಿಗೆ ಅಷ್ಟು ಮರ್ಯಾದೆ ಸಾಕು. ಇದ್ರಲ್ಲಿ ಸುಳ್ಳು ಏನಾದ್ರೂ ಉಂಟಾ?”

ದೇವೀರಮ್ಮ ಹಾಳೆ ಇಸಿದುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ತಾವೇ ಓದಿದರು. ‘ಮಗು ಮಲಗುವ ಕೋಣೆ’ ಎಂಬಲ್ಲಿ ನಿಂತರು. ತಿಂಗಳಿಂದ ನಿದ್ದೆಗೆಡಿಸಿದ್ದ ಭಯ ಅಲ್ಲಿತ್ತು. ಮರ್ಯಾದೆಗೆ ಅಂಜಿ ಅದೊಂದನ್ನೇ ಅವರು ಬರೆದಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಸಹಿ ಹಾಕಿದರು.

ರೇವತಿ ಅಂಗಡಿಗೆ ಬೀಗ ಹಾಕಿ ಜೊತೆಗೇ ಹೊರಟಳು. ಅರ್ಜಿ ಬರೆದುಕೊಟ್ಟು ಕೈತೊಳೆದುಕೊಳ್ಳುವ ಜಾಯಮಾನ ಅವಳದಲ್ಲ. ಕಚೇರಿಯ ಗುಮಾಸ್ತ ಅರ್ಜಿಯನ್ನು ಫೈಲಿಗೆ ಸೇರಿಸುತ್ತಾ, “ಆಯ್ತಜ್ಜಿ, ಬಿಡುವಾದಾಗ ಕಳಿಸ್ತೀವಿ” ಎಂದ. ರೇವತಿ ಬಾಯಿ ತೆರೆಯುವಷ್ಟರಲ್ಲಿ ದೇವೀರಮ್ಮ ಮುಂದೆ ಬಂದು ಮೇಜಿನ ಮೇಲೆ ಕೈಯೂರಿದರು.

“ಸ್ವಾಮಿ, ಪೂರ್ತಿ ಓದಿ. ನನ್ ಮೊಮ್ಮಗಳು ಅದರಡಿ ಮಲಗ್ತಾಳೆ. ನಿಮ್ಮೋರು ಹೊರಡೋ ತನಕ ನಾ ಇಲ್ಲಿಂದ ಕದಲಲ್ಲ.”

ಸಂಜೆ ನಾಲ್ಕಕ್ಕೆ ಎಸ್ಟೇಟ್ ದಾರಿ ಹತ್ತಿದ ಲೈನ್‌ಮ್ಯಾನ್‌ಗಳ ಜೀಪಿನ ಮುಂದಿನ ಸೀಟಿನಲ್ಲಿ ದೇವೀರಮ್ಮ ಕೂತಿದ್ದರು.